ಅಗಸ್ತ್ಯತೀರ್ಥದ ದಂಡೆಯಲ್ಲಿ ಜಲವರ್ಣದ ಪಾಠ

ಬಾದಾಮಿಗೆ ಬರುವವರಲ್ಲಿ ಹೆಚ್ಚಿನವರು ಮೇಣಬಸದಿಯ ನಾಲ್ಕೂ ಗುಹೆಗಳನ್ನು ಒಂದೂವರೆ ಗಂಟೆಯಲ್ಲಿ ಮುಗಿಸಿ, ಪಟ್ಟದಕಲ್ಲಿಗೆ ಹೊತ್ತಾಯಿತೆಂದು ಓಡುವವರು. ಇನ್ನು ಕೆಲವರು ಬನಶಂಕರಿಗೆ ಹಣ್ಣುಕಾಯಿ ಮಾಡಿಸಲು ಬಂದವರು, ಬಂದದ್ದಕ್ಕೆ ಗುಡ್ಡದ ಕಡೆಗೂ ಒಂದು ಸುತ್ತು ಹಾಕುತ್ತಾರೆ. ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಬಂಡೆ ಹತ್ತುವ ಹುಡುಗರೂ ಉಂಟು. ಇವರ ಯಾರ ಕಣ್ಣಿಗೂ ಬೀಳದಂತೆ ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಹಲಗೆಯೊಂದನ್ನು ತೊಡೆಗಾನಿಸಿಕೊಂಡು, ಪಕ್ಕದಲ್ಲಿ ಎರಡು ಡಬ್ಬಿ ನೀರಿಟ್ಟುಕೊಂಡು ಕುಳಿತವರು ಮಾತ್ರ ಅಪರೂಪ. ಬಾದಾಮಿಯನ್ನು ನಿಜವಾಗಿ ನೋಡುವವರು ಇವರೇ ಎಂದರೆ ಉಳಿದವರಿಗೆ ಸಿಟ್ಟು ಬಂದೀತು. ಆದರೂ ಒಂದೇ ಬಂಡೆಯನ್ನು ಮೂರು ತಾಸು ನೋಡಲು ಬೇರೆ ಯಾರಿಗೆ ತಾಳ್ಮೆ ಇದೆ?

ಫೆಬ್ರವರಿಯ ಒಂದು ವಾರಾಂತ್ಯ ಹೀಗೆ ಕುಳಿತಿದ್ದವರು ಒಬ್ಬ ಅಜ್ಜ ಮತ್ತು ಅವರ ಮೊಮ್ಮಗಳು. ಅಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. ಮೊಮ್ಮಗಳು ಧಾರವಾಡದಲ್ಲಿ ಚಿತ್ರಕಲೆ ಓದುತ್ತಾಳೆ. ಇಲ್ಲಿ ಗುರು ಅವಳು, ಶಿಷ್ಯ ಅಜ್ಜ.

ಅರವತ್ತೈದು ದಾಟಿದ ಮೇಲೆ ಕುಂಚ ಹಿಡಿಯಲು ಕಾರಣವಾದದ್ದು ಒಂದು ಶಸ್ತ್ರಚಿಕಿತ್ಸೆ. ಅಜ್ಜನ ಬಲಗಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಗಿತ್ತು. ಎಡಗಣ್ಣಿನದು ಇನ್ನೂ ಬಾಕಿ. ಪಟ್ಟಿ ಬಿಚ್ಚಿದ ಮರುದಿನ ಅವರು ಅಂಗಳಕ್ಕೆ ಬಂದು ಆಕಾಶ ನೋಡಿ ಬೆರಗಾದರಂತೆ. ಒಂದು ಕಣ್ಣು ಮುಚ್ಚಿದರೆ ಅಚ್ಚ ನೀಲಿ, ಇನ್ನೊಂದು ಮುಚ್ಚಿದರೆ ಚಹಾ ಸೋಸಿದ ಬಟ್ಟೆಯ ಬಣ್ಣ! ಇದರಲ್ಲಿ ಪವಾಡವೇನಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ, ಬರಬರುತ್ತ ಕಂದು ತಿರುಗುತ್ತದೆ. ಹಳದಿ ಗಾಜು ನೀಲಿ ಬೆಳಕನ್ನು ತಡೆಯುವಂತೆ ಅದೂ ತಡೆಯುತ್ತದೆ. ಈ ಬದಲಾವಣೆ ವರ್ಷಗಟ್ಟಲೆ ನಿಧಾನವಾಗಿ ಆಗುವುದರಿಂದ ಮನುಷ್ಯನಿಗೆ ತಿಳಿಯುವುದೇ ಇಲ್ಲ. ಮೆದುಳು ಇದ್ದದ್ದರಲ್ಲೇ ಹೊಂದಿಸಿಕೊಳ್ಳುತ್ತದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಮೊನೆಗೂ ಇದೇ ಗತಿಯಾಗಿ, 1923ರಲ್ಲಿ ಒಂದು ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು.

ಆಕಾಶ ನೋಡಿದ ಮೇಲೆ ಅಜ್ಜ ಮಾಡಿದ ಎರಡನೆಯ ಕೆಲಸ, ಟ್ರಂಕು ತೆಗೆದು ತೀರಿಹೋದ ಹೆಂಡತಿಯ ಇಳಕಲ್ ಸೀರೆಯೊಂದನ್ನು ಹೊರಗೆ ತಂದು ಬಿಸಿಲಿಗೆ ಹಿಡಿದದ್ದು. ಆ ಸೀರೆ ಕರಿಯದು ಎಂದು ಇವರು, ನೀಲಿ ಎಂದು ಆಕೆ, ಕೊನೆಯ ನಾಲ್ಕಾರು ವರ್ಷ ಹಬ್ಬ ಬಂದಾಗಲೆಲ್ಲ ಜಗಳ. 'ನಿಮ್ಮ ಕಣ್ಣಿಗೆ ಏನಾಗೇತ್ರೀ' ಎನ್ನುತ್ತಿದ್ದರಂತೆ ಆಕೆ. ಬಿಸಿಲಿಗೆ ಹಿಡಿದಾಗ ಸೀರೆ ನೀಲಿಯೇ ಇತ್ತು. ತಪ್ಪೊಪ್ಪಿಕೊಳ್ಳೋಣವೆಂದರೆ ಆಕೆ ಇಲ್ಲ. ಅಂದು ಸಂಜೆ ಮೊಮ್ಮಗಳಿಗೆ ಫೋನು ಮಾಡಿ, 'ಬಣ್ಣ ಹಚ್ಚೂದು ಕಲಿಸ್ತೀಯೇನs ತಂಗೀ' ಎಂದು ಕೇಳಿದರು. ಎಡಗಣ್ಣಿನ ಪೊರೆಯೂ ತೆಗೆದುಬಿಟ್ಟರೆ ಆ ಹಳೆಯ ಬಣ್ಣ ಮತ್ತೆ ಕಾಣುವುದಿಲ್ಲ, ಅಷ್ಟರೊಳಗೆ ಎರಡನ್ನೂ ಕಾಗದದ ಮೇಲೆ ಇಳಿಸಿಡಬೇಕೆಂಬುದು ಅವರ ಹಟ. ಆ ಹಟವೇ ಇಬ್ಬರನ್ನೂ ಬಾದಾಮಿಗೆ ತಂದಿತ್ತು.

ಜಲವರ್ಣ ಕಲಿಯಲು ಬಾದಾಮಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಊರಿನ ಮೂಡಣಕ್ಕೆ ಕೆರೆ. ಕೆರೆಯ ತೆಂಕಣ ಗುಡ್ಡದಲ್ಲಿ ಗುಹೆಗಳು, ಬಡಗಣ ಗುಡ್ಡದಲ್ಲಿ ಕೋಟೆ ಮತ್ತು ಶಿವಾಲಯಗಳು. ಆಚೆಯ ದಂಡೆಯಲ್ಲಿ ನೀರಿಗೇ ಕಾಲಿಳಿಬಿಟ್ಟಂತೆ ಕುಳಿತ ಭೂತನಾಥನ ಗುಡಿ. ಬಂಡೆ, ನೀರು, ಆಕಾಶ ಮೂರೇ ವಸ್ತು. ಹೊಸಬರನ್ನು ಹೆದರಿಸುವ ಹಸಿರಿನ ಗೊಂದಲ ಇಲ್ಲಿ ಇಲ್ಲವೇ ಇಲ್ಲ ಎನ್ನಬಹುದು. ಮಲೆನಾಡಿನಲ್ಲಿ ಕುಳಿತು ಕಲಿಯಲು ಹೊರಟವರು ಹತ್ತು ಬಗೆಯ ಹಸಿರಿನಲ್ಲಿ ಸಿಕ್ಕಿ ಒದ್ದಾಡುವುದನ್ನು ಕಂಡವರಿಗೆ ಇದರ ಬೆಲೆ ಗೊತ್ತು.

ಮೊದಲ ದಿನ ಮಧ್ಯಾಹ್ನ ಅಜ್ಜ ಚೀಲದಿಂದ ತೆಗೆದದ್ದು ಶಾಲೆಯ ಮಕ್ಕಳು ಬಳಸುವ ಡ್ರಾಯಿಂಗ್ ಪುಸ್ತಕ. ಹುಬ್ಬಳ್ಳಿಯಲ್ಲೇ ಕೊಂಡು ತಂದಿದ್ದರು. ಮೊಮ್ಮಗಳು ಬೇಡವೆನ್ನಲಿಲ್ಲ. ಆಕಾಶಕ್ಕೆಂದು ನೀಲಿ ಬಳಿದ ಎರಡು ನಿಮಿಷದಲ್ಲಿ ಹಾಳೆ ಹಪ್ಪಳದಂತೆ ಎದ್ದು ನಿಂತಿತು. ಎದ್ದಲ್ಲಿ ಬಣ್ಣ ಇಲ್ಲ, ತಗ್ಗಿನಲ್ಲಿ ಬಣ್ಣದ ಮಡು.

'ಹಿಂಗ್ಯಾಕ ಆತು?'

'ಕಾಗದಕ್ಕ ನೀರಡಿಕಿ ಆಗೇತಿ ಅಜ್ಜಾ. ಕುಡದು ಹೊಟ್ಟಿ ಉಬ್ಬಿಸಿಕೊಂಡದ.'

ಅವಳ ಉತ್ತರ ತಮಾಷೆಯಾದರೂ ಶುದ್ಧ ವಿಜ್ಞಾನ. ಕಾಗದವೆಂದರೆ ಸೆಲ್ಯುಲೋಸ್ ಎಳೆಗಳ ಚಾಪೆ. ನೀರು ಕುಡಿದ ಎಳೆ ಅಡ್ಡಕ್ಕೆ ಊದುತ್ತದೆ. ಒದ್ದೆಯಾದ ಕಡೆ ಹಾಳೆ ಹಿಗ್ಗುತ್ತದೆ, ಒಣಗಿದ ಕಡೆ ಇದ್ದಂತೆಯೇ ಇರುತ್ತದೆ. ಹಿಗ್ಗಿದ ಭಾಗಕ್ಕೆ ಮೇಲೇಳುವುದನ್ನು ಬಿಟ್ಟು ಬೇರೆ ದಾರಿ ಇಲ್ಲ. ಹಾಳೆ ದಪ್ಪವಿದ್ದಷ್ಟೂ ಈ ಕಾಟ ಕಡಿಮೆ. ಆದ್ದರಿಂದಲೇ ಜಲವರ್ಣಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ ಕಾಗದ ಬೇಕೆನ್ನುತ್ತಾರೆ. ನಾವು ದಿನಾ ಬರೆಯುವ, ಜೆರಾಕ್ಸ್ ತೆಗೆಸುವ ಕಾಗದ ಸುಮಾರು 70-80 ಗ್ರಾಂ. ಹತ್ತಿ ಎಳೆಯಿಂದ ಮಾಡಿದ್ದಾದರೆ ಇನ್ನೂ ಉತ್ತಮ. ಜೊತೆಗೆ ಒಳ್ಳೆಯ ಕಾಗದಕ್ಕೆ ಅಂಟಿನ ಲೇಪವಿರುತ್ತದೆ. ಇದರಿಂದ ಬಣ್ಣ ಥಟ್ಟನೆ ಒಳಗೆ ಇಂಗದೆ ಸ್ವಲ್ಪ ಹೊತ್ತು ಮೇಲೆಯೇ ತೇಲುತ್ತದೆ, ಕುಂಚದಿಂದ ಅದನ್ನು ಓಡಾಡಿಸಲು ಸಮಯ ಸಿಗುತ್ತದೆ. ಹೊಸಬರು ಬಣ್ಣಕ್ಕೆ ಹೆಚ್ಚು ಹಣ ಹಾಕಿ ಕಾಗದದಲ್ಲಿ ಉಳಿಸಲು ನೋಡುತ್ತಾರೆ. ಅದು ತಿರುಗುಮುರುಗಾಗಬೇಕು. ಕ್ಯಾಮೆಲ್‌ನಂಥ, ಪೇಟೆಯಲ್ಲಿ ಸುಲಭವಾಗಿ ಸಿಗುವ ಟ್ಯೂಬುಗಳಿಂದ ಒಳ್ಳೆಯ ಕಾಗದದ ಮೇಲೆ ಏನಾದರೂ ಕಲಿಯಬಹುದು. ಕೆಟ್ಟ ಕಾಗದದ ಮೇಲೆ ಎಷ್ಟು ದುಬಾರಿ ಬಣ್ಣ ಬಳಿದರೂ ಕಲಿಯುವುದು ಬೇಸರವನ್ನು ಮಾತ್ರ.

ಮೊಮ್ಮಗಳು ತನ್ನ ಚೀಲದಿಂದ ದಪ್ಪ ಹಾಳೆ ತೆಗೆದು, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಹಲಗೆಗೆ ಬಿಗಿದಳು. ಎರಡೇ ಕುಂಚ: ಹನ್ನೆರಡನೆಯ ನಂಬರಿನದೊಂದು, ಆರನೆಯ ನಂಬರಿನದೊಂದು, ಎರಡೂ ದುಂಡು. ಸಣ್ಣ ಕುಂಚವನ್ನು ಅಜ್ಜನ ಕೈಗೆ ಸಿಗದಂತೆ ತನ್ನ ಬಳಿಯೇ ಇಟ್ಟುಕೊಂಡಳು. ಹೊಸಬರು ಸಣ್ಣ ಕುಂಚ ಹಿಡಿದರೆ ಗೆರೆ ಎಳೆಯುತ್ತಾರೆಯೇ ಹೊರತು ಬಣ್ಣ ಹರಿಸುವುದಿಲ್ಲ. ಐದು ಟ್ಯೂಬು: ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ನೀಲಿ, ಕ್ರಿಮ್ಸನ್ ಕೆಂಪು, ಲೆಮನ್ ಹಳದಿ. ಬಿಳಿ ಇಲ್ಲ.

'ಬಿಳಿ ಬಣ್ಣ ಮರತು ಬಂದೀಯೇನು?'

'ಬಿಳಿ ನಿನ್ನ ಮುಂದs ಐತಲ್ಲ. ಹಾಳಿನ ಬಿಳಿ.'

ಜಲವರ್ಣದ ಗುಟ್ಟೆಲ್ಲ ಈ ಒಂದು ಮಾತಿನಲ್ಲಿದೆ. ಪೋಸ್ಟರ್ ಬಣ್ಣ ಗೋಡೆಯ ಸುಣ್ಣದಂತೆ, ಕೆಳಗಿರುವುದನ್ನು ಮುಚ್ಚುತ್ತದೆ. ಜಲವರ್ಣ ಬಣ್ಣದ ಗಾಜಿನಂತೆ. ಬೆಳಕು ಬಣ್ಣದ ತೆಳು ಪದರವನ್ನು ಹಾಯ್ದು ಕಾಗದಕ್ಕೆ ತಾಗಿ, ಮತ್ತೆ ಅದೇ ಪದರದ ಮೂಲಕ ಕಣ್ಣಿಗೆ ಬರುತ್ತದೆ. ಹಾಳೆಯೇ ದೀಪ. ಒಮ್ಮೆ ಆ ದೀಪವನ್ನು ಗಾಢ ಬಣ್ಣದಿಂದ ಮುಚ್ಚಿದರೆ ಮತ್ತೆ ಹಚ್ಚುವಂತಿಲ್ಲ. ಆದ್ದರಿಂದ ತಿಳಿ ಬಣ್ಣ ಮೊದಲು, ಗಾಢ ಆಮೇಲೆ. ಭೂತನಾಥನ ಶಿಖರದ ಮೇಲೆ ಬಿಸಿಲು ಬಿದ್ದ ಜಾಗ ಬೇಕಾದರೆ ಅದನ್ನು ಮುಂಚೆಯೇ ಬಿಟ್ಟು ಬಣ್ಣ ಬಳಿಯಬೇಕು.

ಸಾವಿರದ ಒಂದಂಶ ಇಂಚು ವ್ಯತ್ಯಾಸವಾದರೂ ಅರ ಹಾಕಿ ಸರಿಪಡಿಸುತ್ತಿದ್ದ ಕೈಗೆ ಇದು ಒಗ್ಗುವುದು ಸುಲಭವಲ್ಲ. ಮೊದಲ ಪಾಠ ಸಮವಾದ ಒಂದು ವಾಶ್. ಹಲಗೆಯ ಮೇಲಂಚಿಗೆ ಒಂದು ಕಲ್ಲು ಕೊಟ್ಟು ಸ್ವಲ್ಪ ಇಳಿಜಾರು ಮಾಡಿ, ಕುಂಚದ ತುಂಬ ಬಣ್ಣ ತೆಗೆದುಕೊಂಡು ಎಡದಿಂದ ಬಲಕ್ಕೆ ಒಂದು ಗೆರೆ. ಗೆರೆಯ ಕೆಳಗೆ ಬಣ್ಣದ ನೀರು ಮಣಿಗಟ್ಟಿ ನಿಲ್ಲುತ್ತದೆ. ಆ ಮಣಿಯನ್ನು ಮುಟ್ಟಿ ಮುಂದಿನ ಗೆರೆ. ಹೀಗೆ ಮಣಿಯನ್ನು ಒಡೆಯದೆ ಕೆಳಗಿನವರೆಗೆ ಇಳಿಸಿಕೊಂಡು ಹೋಗುವುದು. ಪ್ರತಿ ಗೆರೆಗೂ ಕುಂಚಕ್ಕೆ ಒಂದಿಷ್ಟು ನೀರು ಹೆಚ್ಚಿಸುತ್ತ ಹೋದರೆ ಮೇಲೆ ಗಾಢ, ಕೆಳಗೆ ತಿಳಿ. ಆಕಾಶ ಹಾಗೆಯೇ ಅಲ್ಲವೆ, ನೆತ್ತಿಯ ಮೇಲೆ ಕಡುನೀಲಿ, ಗುಡ್ಡದಂಚಿಗೆ ಬಿಳಿಚು?

ಅಜ್ಜನ ಮೂರನೆಯ ಆಕಾಶ ಚೆನ್ನಾಗಿಯೇ ಇಳಿಯಿತು. ಇಳಿದ ಮೇಲೆ ಒಂದು ಮೂಲೆಯಲ್ಲಿ ಸಣ್ಣ ಗೆರೆ ಕಂಡಿತು. ಕುಂಚ ತೊಳೆದು ಅದನ್ನು ತಿದ್ದಲು ಹೋದರು.

'ಅಜ್ಜಾ, ಮುಟ್ಟಬ್ಯಾಡ!'

ಮುಟ್ಟಾಗಿತ್ತು. ನೋಡನೋಡುತ್ತಿದ್ದಂತೆ ಆಕಾಶದ ನಡುವೆ ಹೂಕೋಸಿನಂಥದೊಂದು ಅರಳಿ ನಿಂತಿತು. ಅರ್ಧ ಒಣಗಿದ ಬಣ್ಣಕ್ಕೆ ಹೆಚ್ಚು ನೀರಿನ ಕುಂಚ ತಾಗಿದಾಗ ಆ ನೀರು ಸುತ್ತ ಹರಡುತ್ತ, ಬಣ್ಣದ ಕಣಗಳನ್ನು ತಳ್ಳಿಕೊಂಡು ಹೋಗಿ ಅಂಚಿನಲ್ಲಿ ರಾಶಿ ಹಾಕುತ್ತದೆ. ಇದಕ್ಕೆ ಮದ್ದಿಲ್ಲ, ಮುನ್ನೆಚ್ಚರಿಕೆ ಉಂಟು. ಹಾಳೆಯನ್ನು ಓರೆಯಾಗಿ ನೋಡಬೇಕು. ಮಿರಮಿರ ಹೊಳೆಯುತ್ತಿದ್ದರೆ ಇನ್ನೂ ಹಸಿ, ಇನ್ನೊಂದು ಬಣ್ಣ ಬಿಡಬಹುದು, ಅಂಚಿಲ್ಲದೆ ಹರಡಿಕೊಳ್ಳುತ್ತದೆ. ಹೊಳಪು ಆರತೊಡಗಿತೋ, ಕೈ ಹಿಂದೆ. ಪೂರ್ತಿ ಒಣಗಿತೇ ಎಂದು ತಿಳಿಯಲು ಬೆರಳ ಹಿಂಬದಿಯನ್ನು ಮೆಲ್ಲಗೆ ತಾಗಿಸಬೇಕು. ತಂಪೆನಿಸಿದರೆ ನೀರು ಇನ್ನೂ ಆವಿಯಾಗುತ್ತಿದೆ ಎಂದರ್ಥ. ಮಡಕೆಯ ನೀರು ತಣ್ಣಗಾಗುವ ಲೆಕ್ಕವೇ ಇದು. ಬಾದಾಮಿಯ ಮಾಗಿ ಕಳೆದ ಒಣಗಾಳಿಯಲ್ಲಿ ಇದೆಲ್ಲ ಬೇಗಬೇಗ ಆಗಿಹೋಗುತ್ತದೆ. ಹೊಳಪು ಆರುವ ಹೊತ್ತಿಗೆ ಯೋಚಿಸುತ್ತ ಕೂತರೆ ಕೆಲಸ ಕೆಟ್ಟಿತು.

ಹಾಳಾದ ಆಕಾಶ ನೋಡಿ ಅಜ್ಜ ಹೊಟ್ಟೆ ಸವರಿಕೊಂಡು, 'ವಾತಾಪಿ ಜೀರ್ಣೋ ಭವ' ಎಂದರು. ಬಾದಾಮಿಯ ಹಳೆಯ ಹೆಸರು ವಾತಾಪಿ, ಎದುರಿಗಿದ್ದದ್ದು ಅಗಸ್ತ್ಯನ ಹೆಸರಿನ ಕೆರೆ. ಮಾತು ಸಂದರ್ಭಕ್ಕೆ ಸರಿಯಾಗಿಯೇ ಇತ್ತು. ಆ ಮೂರು ದಿನ ಹಾಳೆ ಕೆಟ್ಟಾಗಲೆಲ್ಲ ಇಬ್ಬರೂ ಅದನ್ನೇ ಹೇಳಿದರು. ಎಷ್ಟು ಸಲ ಎಂಬ ಲೆಕ್ಕ ಬೇಡ.

ಎರಡನೆಯ ದಿನ ಬಂಡೆಯ ಪಾಠ. ಬೆಳಿಗ್ಗೆ ಇಬ್ಬರೂ ಗುಹೆಗಳನ್ನು ಹತ್ತಿ ಬಂದರು. ಮೂರನೆಯ ಗುಹೆ ಚಾಲುಕ್ಯ ಮಂಗಳೇಶನ ಕಾಲದ್ದು, ಅಲ್ಲಿನ ಶಾಸನದ ಕಾಲ ಕ್ರಿ.ಶ. 578. ಅದರ ಚಾಚಿನ ಕೆಳಗೆ ಒಂದು ಕಾಲಕ್ಕೆ ವರ್ಣಚಿತ್ರಗಳಿದ್ದವು. ಈಗ ಅಲ್ಲಲ್ಲಿ ಒಂದಿಷ್ಟು ಬಣ್ಣದ ಛಾಯೆ ಬಿಟ್ಟರೆ ಹೆಚ್ಚೇನೂ ಉಳಿದಿಲ್ಲ. ಆದರೆ ಇದೇ ಬಾದಾಮಿಯ ಹತ್ತಿರದ ಸಿಡಿಲಪಡಿಯ ಬಂಡೆಯಾಸರೆಯಲ್ಲಿ ಅದಕ್ಕಿಂತ ಎಷ್ಟೋ ಹಿಂದಿನ ಮನುಷ್ಯರು ಕೆಮ್ಮಣ್ಣಿನಿಂದ ಬರೆದ ಚಿತ್ರಗಳು ಇನ್ನೂ ಇವೆ. ಕೆಮ್ಮಣ್ಣಿನ ಬಣ್ಣ ಬಿಸಿಲಿಗೆ ಹಾರುವುದಿಲ್ಲ. ಅಗ್ಗದ ಕೆಲವು ಬಣ್ಣಗಳು ಗೋಡೆಗೆ ತೂಗುಹಾಕಿದ ವರ್ಷದೊಪ್ಪತ್ತಿನಲ್ಲೇ ಮಾಸುತ್ತವೆ. ಮಣ್ಣಿನ ಬಣ್ಣಗಳಿಗೆ ಆ ಭಯ ಇಲ್ಲ.

ಕೆಳಗಿಳಿದು ಕುಳಿತಾಗ ಮೊಮ್ಮಗಳು ಬರ್ನ್ಟ್ ಸಿಯೆನ್ನಾದ ಟ್ಯೂಬು ಒತ್ತಿ, ತಟ್ಟೆಯ ಮೇಲೆ ಹುರುಳಿಕಾಳಿನಷ್ಟು ಬಣ್ಣ ಹಾಕಿದಳು. ಅಜ್ಜ ಅದನ್ನು ಬೆರಳಿಗೆ ಹಚ್ಚಿಕೊಂಡು ತಿಕ್ಕಿ ನೋಡಿ, ಕುಳಿತ ಬಂಡೆಗೂ ಒಮ್ಮೆ ಬೆರಳು ಉಜ್ಜಿ, 'ಇದು ತುಕ್ಕು' ಎಂದರು.

ತುಕ್ಕೇ. ಬಾದಾಮಿಯ ಮರಳುಗಲ್ಲು ಕೆಂಪಾಗಿರುವುದು ಕಬ್ಬಿಣದ ಆಕ್ಸೈಡಿನಿಂದ. ಮರಳಿನ ಕಣಗಳಿಗೆ ಅದರದೊಂದು ತೆಳು ಕವಚ. ಯೆಲ್ಲೊ ಓಕರ್ ಎಂಬ ಹಳದಿ ಮಣ್ಣು ನೀರಿನಂಶ ಕೂಡಿದ ಕಬ್ಬಿಣದ ಆಕ್ಸೈಡ್. ಅಂಥ ಮಣ್ಣನ್ನು ಸುಟ್ಟರೆ ನೀರಿನಂಶ ಹೋಗಿ ಕೆಂಪಾಗುತ್ತದೆ. ಇಟಲಿಯ ಸಿಯೆನಾ ಎಂಬ ಊರಿನ ಹೆಸರು ಹೊತ್ತ ಮಣ್ಣನ್ನು ಹೀಗೆ ಸುಟ್ಟದ್ದೇ ಬರ್ನ್ಟ್ ಸಿಯೆನ್ನಾ. ಈಗ ಎಷ್ಟೋ ಟ್ಯೂಬುಗಳಲ್ಲಿ ಇರುವುದು ಕಾರ್ಖಾನೆಯಲ್ಲಿ ತಯಾರಾದದ್ದಾದರೂ ವಸ್ತು ಅದೇ. ಪುಡಿಯನ್ನು ಕಾಗದಕ್ಕೆ ಅಂಟಿಸಲು ಜಾಲಿ ಜಾತಿಯ ಮರದ ಗೋಂದು, ಅಷ್ಟೇ.

'ಮೂವತ್ತೈದು ವರ್ಷ ತಿಕ್ಕಿ ತಗದದ್ದನ್ನ ಈಗ ರೊಕ್ಕಾ ಕೊಟ್ಟು ತಗೊಂಡಂಗಾತಲ್ಲ!' ಎಂದು ಅಜ್ಜ ನಕ್ಕರು. ಅಲ್ಲಿಂದ ಮುಂದೆ ಬಂಡೆಯ ಮಟ್ಟಿಗೆ ಅವರಿಗೆ ಪಾಠ ಬೇಕಾಗಲಿಲ್ಲ ಎಂದರೂ ಸಲ್ಲುತ್ತದೆ. ಓಕರಿನ ತಿಳಿ ವಾಶ್ ಒಣಗಿದ ಮೇಲೆ ಅದರ ಮೇಲೊಂದು ಸಿಯೆನ್ನಾದ ವಾಶ್. ಅದೂ ಒಣಗಿದ ಮೇಲೆ, ಬಣ್ಣವನ್ನು ಅರಿವೆಗೆ ಒರೆಸಿ ಬಹುಪಾಲು ಒಣಗಿಸಿದ ಕುಂಚವನ್ನು ಒರಟು ಕಾಗದದ ಮೇಲೆ ಅಡ್ಡಡ್ಡ ಎಳೆದರೆ ಉಬ್ಬಿದಲ್ಲಿ ಮಾತ್ರ ಬಣ್ಣ ಹತ್ತಿ, ಮರಳುಗಲ್ಲಿನ ಪದರಗಳು ತಾವಾಗಿಯೇ ಮೂಡುತ್ತವೆ. ಒಂದು ಮಂಗ ಬಂದು ಹಳದಿ ಟ್ಯೂಬನ್ನು ಬಾಳೆಹಣ್ಣಿನ ಸಂಬಂಧಿಯೆಂದು ಭಾವಿಸಿ ಎತ್ತಿಕೊಂಡು ಹೋದದ್ದು ಇದೇ ಹೊತ್ತಿಗೆ. ಬಾದಾಮಿಯಲ್ಲಿ ಚಿತ್ರ ಬರೆಯುವವರು ಬಣ್ಣದ ಪೆಟ್ಟಿಗೆಗೆ ಮುಚ್ಚಳವಿರುವಂತೆ ನೋಡಿಕೊಳ್ಳಬೇಕು. ಲೆಮನ್ ಹಳದಿ ಇಲ್ಲದೆ ಮುಂದಿನ ಒಂದೂವರೆ ದಿನ ಯಾವ ತೊಂದರೆಯೂ ಆಗಲಿಲ್ಲ ಎಂಬುದು ಬೇರೆ ಮಾತು.

ತೊಂದರೆಯಾದದ್ದು ನೆರಳಿನಲ್ಲಿ. ಚಳಿಗಾಲದಲ್ಲಿ ತೆಂಕಣ ಗುಡ್ಡದ ಬಡಗುಮುಖಕ್ಕೆ ಬಿಸಿಲು ತಾಗುವುದಿಲ್ಲ. ಆ ನೆರಳನ್ನು ಅಜ್ಜ ಕರಿಗಂದು ಮಾಡಿದರು, ಮೊಮ್ಮಗಳು ನೀಲಿ ಬೆರೆಸು ಎಂದಳು. ನೆರಳಿಗೆ ಸೂರ್ಯ ಕಾಣದಿದ್ದರೂ ಆಕಾಶ ಕಾಣುತ್ತದೆ, ಆಕಾಶದ ನೀಲಿ ಬೆಳಕೇ ಅಲ್ಲಿ ಬೀಳುವುದು. ಅಜ್ಜ ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣು ಮುಚ್ಚಿ ನೋಡಿದರು. ಸುಮ್ಮನಾದರು. ಆಮೇಲೆ ಕುಂಚ ತೊಳೆದು ಕೆಳಗಿಟ್ಟು, ಕೆರೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರನ್ನು ಬಹಳ ಹೊತ್ತು ನೋಡುತ್ತ ಕುಳಿತರು.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಹೋದರು. ಅಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಮಾರುವ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಪುಟ್ಟ ಮಡಕೆಯ ಗಟ್ಟಿ ಮೊಸರು ತಿನ್ನದೆ ಬಾದಾಮಿಯಿಂದ ಮರಳುವುದು ತಪ್ಪು.

ಮೂರನೆಯ ದಿನ ಸಂಜೆ ನಾಲ್ಕೂವರೆಗೆ ಪಡುವಣ ದಂಡೆಯಲ್ಲಿ, ಊರಿಗೆ ಬೆನ್ನು ಹಾಕಿ ಕುಳಿತರು. ಬಾದಾಮಿಯ ಮುಖ್ಯ ನೋಟ ಇದೇ. ಸೂರ್ಯ ಬೆನ್ನಿಗೆ ಬಂದು, ಎದುರಿನ ಭೂತನಾಥನ ಗುಡಿಗೂ ಹಿಂದಿನ ಬಂಡೆಗೂ ನೇರ ಬೆಳಕು. ಕೆಂಪು ಕಲ್ಲು ಕೆಂಡವಾಗಲು ಒಂದು ತಾಸು. ಅಷ್ಟರಲ್ಲಿ ಬರೆದು ಮುಗಿಸಬೇಕು, ಏಕೆಂದರೆ ಬೆಳಕು ಕಾಯುವುದಿಲ್ಲ. ಸ್ಥಳದಲ್ಲೇ ಕುಳಿತು ಬರೆಯುವವರೆಲ್ಲರ ಪಾಡು ಇದು. ಊಟಿಯ ಬೆಟ್ಟಗಳ ಮಂಜನ್ನು ಜಲವರ್ಣದಲ್ಲಿ ಹಿಡಿದಿಟ್ಟ ನಮ್ಮ ಕೆ. ವೆಂಕಟಪ್ಪನವರ (1886-1965) ಚಿತ್ರಗಳನ್ನು ನೋಡಿದವರು ಆ ನಿಲ್ಲದ ಬೆಳಕಿನ ಹಿಂದೆ ಎಷ್ಟು ಕಾದಿರಬೇಕೆಂದು ಊಹಿಸಿಯಾರು.

ಅಜ್ಜ ಒಂದೇ ಹಲಗೆಗೆ ಎರಡು ಸಣ್ಣ ಹಾಳೆಗಳನ್ನು ಅಕ್ಕಪಕ್ಕ ಬಿಗಿದರು. ಎಡಗಣ್ಣಿಗೆ ಕರವಸ್ತ್ರ ಕಟ್ಟಿಕೊಂಡು ಬಲಗಡೆಯದು, ಬಲಗಣ್ಣಿಗೆ ಕಟ್ಟಿಕೊಂಡು ಎಡಗಡೆಯದು. ಒಂದು ಒಣಗುವಷ್ಟರಲ್ಲಿ ಇನ್ನೊಂದು. ಸುತ್ತ ಸೇರಿದ್ದ ಹುಡುಗರು ಇದೇನೋ ಹೊಸ ಆಟವೆಂದು ನಕ್ಕರು. ನೀರಿನಲ್ಲಿ ಬಂಡೆಯ ಬಿಂಬವನ್ನು ಹಾಳೆ ಹಸಿಯಿದ್ದಾಗಲೇ ಮೇಲಿನಿಂದ ಕೆಳಕ್ಕೆ ಎಳೆಯಬೇಕೆಂದು ಮೊಮ್ಮಗಳು ಎಚ್ಚರಿಸಿದಳು. ಗಾಢವಾದದ್ದು ನೀರಿನಲ್ಲಿ ತುಸು ತಿಳಿಯಾಗಿಯೂ, ತಿಳಿಯಾದದ್ದು ತುಸು ಗಾಢವಾಗಿಯೂ ಕಾಣುತ್ತದೆಂಬುದನ್ನೂ ಹೇಳಿದಳು. ಅದಕ್ಕಿಂತ ಹೆಚ್ಚಿಗೆ ಮಾತಾಡಲಿಲ್ಲ.

ಆರು ಗಂಟೆಗೆ ಬೆಳಕು ಗುಡಿಯನ್ನು ಬಿಟ್ಟು ಬಂಡೆಯ ತುದಿಗೇರಿದಾಗ ಎರಡೂ ಮುಗಿದಿದ್ದವು. ಬಂಡೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ತುಕ್ಕಿನ ಬಣ್ಣವನ್ನು ಪೊರೆ ಹೆಚ್ಚೇನೂ ಕೆಡಿಸಿರಲಿಲ್ಲ. ಬೇರೆಯಾಗಿದ್ದದ್ದು ಆಕಾಶ, ನೀರು, ನೆರಳು. ಬಲಗಡೆಯ ಹಾಳೆಯಲ್ಲಿ ನೆರಳುಗಳಿಗೆ ನೇರಳೆ ಬಂದಿತ್ತು. ಎಡಗಡೆಯದು ಪೂರ್ತಿ ಹಳೆಯ ಫೋಟೋದಂತೆ ಕಂದು. ಚಿತ್ರವಾಗಿ ನೋಡಿದರೆ ಎಡಗಡೆಯದೇ ಚೆನ್ನಾಗಿತ್ತು, ಎಲ್ಲ ಬಣ್ಣವೂ ಒಂದಕ್ಕೊಂದು ಹೊಂದಿಕೊಂಡಿತ್ತು.

'ಇದು ಚಲೋ ಬಂದದ ಅಜ್ಜಾ' ಎಂದು ಮೊಮ್ಮಗಳು ಅದನ್ನೇ ತೋರಿಸಿದಳು.

'ಚಲೋ ಬಂದದ. ಖರೇ ಅಲ್ಲ' ಎಂದರು ಅಜ್ಜ. ಸ್ವಲ್ಪ ತಡೆದು, 'ಅಕಿ ಕಡೀ ನಾಕು ವರ್ಷ ನನಗ ಹಿಂಗs ಕಂಡ್ಲು ನೋಡು' ಎಂದರು.

ಬಾದಾಮಿಯ ಸ್ಟೇಷನ್ನು ಊರಿನಿಂದ ಐದು ಕಿಲೋಮೀಟರು ದೂರ. ಮರುದಿನ ಗದಗದ ಕಡೆಯ ಗಾಡಿಯಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ಹೊಳೆ ಆಲೂರು ದಾಟಿ ಗಾಡಿ ಎಲ್ಲೋ ಸುಮ್ಮನೆ ನಿಂತಾಗ ಅಜ್ಜ ಬಣ್ಣದ ಪೆಟ್ಟಿಗೆ ತೆಗೆದು ಅಲ್ಟ್ರಾಮರೀನ್ ಒತ್ತಿಕೊಂಡರು. ಈ ನೀಲಿಯನ್ನು ಒಂದು ಕಾಲಕ್ಕೆ ಅಫ್ಘಾನಿಸ್ತಾನದ ಗಣಿಯ ಕಲ್ಲು ಕುಟ್ಟಿ ತೆಗೆಯುತ್ತಿದ್ದರು, ಚಿನ್ನದಷ್ಟು ತುಟ್ಟಿ. 1828ರ ಸುಮಾರಿಗೆ ಫ್ರಾನ್ಸಿನಲ್ಲಿ ಅದನ್ನು ತಯಾರಿಸುವ ದಾರಿ ಕಂಡುಕೊಂಡ ಮೇಲೆ ಎಷ್ಟು ಅಗ್ಗವಾಯಿತೆಂದರೆ, ನಮ್ಮ ಹೆಂಗಸರು ಬಿಳಿ ಬಟ್ಟೆಗೆ ಹಾಕುತ್ತಿದ್ದ ನೀಲಿಯ ಪುಡಿಯೂ ಅದೇ.

ಅಜ್ಜ ಅದಕ್ಕೆ ಕುಂಚದ ತುದಿಯಷ್ಟು ಸಿಯೆನ್ನಾ ಬೆರೆಸಿದರು. ನೀಲಿ ತುಸು ಕುಗ್ಗಿತು. ಇನ್ನೂ ಒಂದಿಷ್ಟು. ಹಾಳೆಯ ಅಂಚಿನಲ್ಲಿ ಬಳಿದು, ಹೊಳಪು ಆರುವವರೆಗೆ ಕೈ ಹಿಂದೆ ಇಟ್ಟುಕೊಂಡು ಕಾದು, ಬೆರಳ ಹಿಂಬದಿ ತಾಗಿಸಿ ನೋಡಿದರು. ಜಲವರ್ಣ ಒಣಗಿದ ಮೇಲೆ ತಿಳಿಯಾಗುತ್ತದೆ. ಸೀರೆ ಇದಕ್ಕಿಂತ ಗಾಢವಿತ್ತು.

'ಇನ್ನೊಂದು ಪದರ ಹಾಕ್ಲೇನು?'

'ಪೂರಾ ಒಣಗೇದೇನು?'

'ಒಣಗೇದ.'

'ಹಾಕು' ಎಂದಳು ಮೊಮ್ಮಗಳು. ಅಷ್ಟರಲ್ಲಿ ಗಾಡಿ ಹೊರಟಿತು. ಹಾಳೆ ಅಲುಗಾಡದಂತೆ ಅವಳು ಹಲಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು.